ಅರಿಶಿನದ ಹೂರಣ, ಕೊಬ್ಬಿನ ಕಣಕ: ಕ್ರೀಮಿನೊಳಗೆ ಸಸ್ಯಸಾರ ಉಳಿಯುವುದು ಹೇಗೆ?

ಬಿಳಿ ಪಂಚೆಗೆ ಅರಿಶಿನದ ಕಲೆ ಬಿದ್ದರೆ ನಮ್ಮ ಮನೆಯ ಹಿರಿಯರು ಹೇಳುತ್ತಿದ್ದುದು ಎರಡೇ ಮಾತು. ‘ಸೋಪು ತಿಕ್ಕಬೇಡ, ಕೆಂಪಾಗ್ತದೆ’ ಎನ್ನುವುದು ಒಂದು. ‘ಒದ್ದೆ ಮಾಡಿ ಬಿಸಿಲಿಗೆ ಹರವು, ತಾನಾಗಿ ಹೋಗ್ತದೆ’ ಎನ್ನುವುದು ಇನ್ನೊಂದು. ಎರಡೂ ನಿಜ. ಸೋಪಿನ ಕ್ಷಾರ ತಗುಲಿದ ಕೂಡಲೇ ಹಳದಿ ಕೆಂಪಿಗೆ ತಿರುಗುತ್ತದೆ. ಆರತಿ ತಟ್ಟೆಯ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬೆರೆಸಿದಾಗ ಕೆಂಪೇರುವುದೂ ಇದೇ ಕಾರಣಕ್ಕೆ. ಇನ್ನು ಬಿಸಿಲಿಗೆ ಹರವಿದ ಪಂಚೆಯ ಕಲೆ ದಿನ ಕಳೆದಂತೆ ಮಸುಕಾಗಿ ಕಾಣೆಯಾಗುತ್ತದೆ.

ಅರಿಶಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಎಂಬ ಅಣುವಿನ ಜಾತಕವೆಲ್ಲ ಈ ಎರಡು ಮಾತಿನಲ್ಲಿದೆ. ಅದಕ್ಕೆ ಬೆಳಕು ಆಗದು, ಕ್ಷಾರ ಆಗದು. ಜೊತೆಗೆ ಮೂರನೆಯ ತೊಡಕು: ಅದು ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ. ಬಟ್ಟೆ ಒಗೆಯುವವರಿಗೆ ಬಿಸಿಲಿನ ಗುಣ ವರವಾದರೆ, ಅರಿಶಿನದ ಕ್ರೀಮು ತಯಾರಿಸುವವರಿಗೆ ಅದೇ ಸಂಕಟ. ಕಾರ್ಖಾನೆಯಲ್ಲಿ ಹಾಕಿದ ಕರ್ಕ್ಯುಮಿನ್ ಅಂಗಡಿಯ ಕಪಾಟು, ಸ್ನಾನದ ಮನೆಯ ಕಿಟಕಿ ಎಲ್ಲವನ್ನೂ ದಾಟಿ, ಡಬ್ಬಿಯ ತಳ ಕಾಣುವ ದಿನದವರೆಗೂ ಕರ್ಕ್ಯುಮಿನ್ ಆಗಿಯೇ ಉಳಿಯಬೇಕಲ್ಲ?

ಇತ್ತೀಚೆಗೆ ಸೀರಮ್ಮು, ಕ್ರೀಮುಗಳ ಮೇಲೆ ‘ಲಿಪೋಸೋಮಲ್’, ‘ನ್ಯಾನೋ’, ‘ಎನ್‌ಕ್ಯಾಪ್ಸುಲೇಟೆಡ್’ ಎಂಬ ಪದಗಳು ಢಾಳಾಗಿ ಕಾಣುತ್ತಿವೆ. ಸಾರವನ್ನು ಪುಟ್ಟ ಕಣಗಳೊಳಗೆ ಸುತ್ತಿಡುವ ತಂತ್ರದ ಹೆಸರುಗಳಿವು. ಅವುಗಳ ಹಿಂದೆ ನಿಜವಾದ ವಿಜ್ಞಾನವಿದೆ. ಆದರೆ ಆ ವಿಜ್ಞಾನ ಮಾಡುವ ಕೆಲಸ ಒಂದು, ಜಾಹೀರಾತು ಹೇಳುವ ಕೆಲಸ ಇನ್ನೊಂದು. ‘ಚರ್ಮದ ಆಳಕ್ಕೆ ತಲುಪಿಸುತ್ತದೆ’ ಎನ್ನುತ್ತದೆ ಜಾಹೀರಾತು. ನನ್ನ ತಿಳಿವಳಿಕೆಯಲ್ಲಿ ಈ ತಂತ್ರದ ದೊಡ್ಡ ಉಪಕಾರ ಆಳಕ್ಕೆ ಇಳಿಸುವುದಲ್ಲ, ಹಾಳಾಗದಂತೆ ಕಾಯುವುದು. ಈ ವ್ಯತ್ಯಾಸ ತಿಳಿದರೆ ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದಕ್ಕೆ ಬೇಡ ಎಂಬುದೂ ಅರ್ಧ ತಿಳಿದಂತೆ.

ಅಜ್ಜಿಯರ ಕಾಲದ ಲೇಪವನ್ನು ನೆನಪಿಸಿಕೊಳ್ಳಿ. ಹಾಲಿನ ಕೆನೆ, ಕಡಲೆಹಿಟ್ಟು, ಅರಿಶಿನ. ನೀರಿಗೆ ಬಗ್ಗದ ಕರ್ಕ್ಯುಮಿನ್ ಕೆನೆಯ ಕೊಬ್ಬಿನಲ್ಲಿ ಅಷ್ಟಿಷ್ಟು ಕರಗುತ್ತದೆ, ಹಾಲಿನ ಪ್ರೋಟೀನಿಗೂ ಅಂಟಿಕೊಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕಲಸಿದ ಗಳಿಗೆಯಲ್ಲೇ ಅದನ್ನು ಹಚ್ಚಿ ಮುಗಿಸುತ್ತಿದ್ದರು. ಎರಡು ವರ್ಷ ಇಟ್ಟು ಬಳಸುವ ಪ್ರಶ್ನೆಯೇ ಇರಲಿಲ್ಲ. ಅದೇ ಅರಿಶಿನ ಡಬ್ಬಿಯೊಳಗೆ ಹೊಕ್ಕು, ಡಬ್ಬಿಯ ಮೇಲೆ ‘24 ತಿಂಗಳೊಳಗೆ ಬಳಸಿ’ ಎಂದು ಅಚ್ಚಾದ ದಿನ ಈ ತಂತ್ರದ ಅಗತ್ಯ ಹುಟ್ಟಿತು. ಹಾಗೆಂದು ಹಸಿ ಲೇಪವೇ ಶ್ರೇಷ್ಠ ಎನ್ನುತ್ತಿಲ್ಲ. ಅದು ಕಲೆ ಮಾಡುತ್ತದೆ, ಕೆಲವರ ಚರ್ಮಕ್ಕೆ ಅರಿಶಿನವೇ ಅಲರ್ಜಿ, ಅರಿಶಿನದ ಒಂದು ಕೊಂಬಿನಲ್ಲಿ ಎಷ್ಟು ಕರ್ಕ್ಯುಮಿನ್ ಇದೆ ಎಂಬ ಲೆಕ್ಕವೂ ಸಿಗದು. ಒಣ ಅರಿಶಿನದಲ್ಲಿ ಕರ್ಕ್ಯುಮಿನ್ ಬಳಗದ ಅಣುಗಳ ಪಾಲು ತಳಿಯನ್ನು ಅನುಸರಿಸಿ ಸಾಮಾನ್ಯವಾಗಿ ನೂರಕ್ಕೆ ಎರಡರಿಂದ ಐದರಷ್ಟು ಮಾತ್ರ.

ಎನ್‌ಕ್ಯಾಪ್ಸುಲೇಷನ್ ಎಂಬ ಉದ್ದ ಪದಕ್ಕೆ ನಮ್ಮ ಅಡುಗೆಮನೆಯಲ್ಲಿ ಸರಿಯಾದ ಹೋಲಿಕೆಯಿದೆ: ಹೋಳಿಗೆ. ಒಳಗೆ ಹೂರಣ, ಹೊರಗೆ ಕಣಕ. ಸಸ್ಯದ ಸಾರ ಹೂರಣ. ಅದನ್ನು ಸುತ್ತಿಕೊಂಡ ಕೊಬ್ಬು, ಗೋಂದು, ಪಿಷ್ಟದ ತೆಳುಪದರ ಕಣಕ. ಒಂದೊಂದು ಹೋಳಿಗೆಯ ಗಾತ್ರ ಕೆಲವೊಮ್ಮೆ ನೂರು ನ್ಯಾನೋಮೀಟರ್, ಅಂದರೆ ತಲೆಗೂದಲ ದಪ್ಪದ ಸುಮಾರು ಏಳುನೂರರಲ್ಲಿ ಒಂದು ಪಾಲು. ಕೆಲವೊಮ್ಮೆ ಕಣ್ಣಿಗೆ ಕಾಣುವ ಮಣಿಯಷ್ಟು. ಮುಂದೆಲ್ಲ ಹೂರಣ, ಕಣಕ ಎಂಬ ಪದಗಳನ್ನೇ ಬಳಸುತ್ತೇನೆ.

ಕಣಕದ ಮಾತಿಗೆ ಮುಂಚೆ ಚರ್ಮದ ಮಾತು. ನಮ್ಮ ಚರ್ಮದ ತೀರಾ ಹೊರಗಿನ ಪದರ ದೇಹದ ಹೆಚ್ಚಿನ ಭಾಗದಲ್ಲಿ 10ರಿಂದ 20 ಮೈಕ್ರಾನ್ ದಪ್ಪ, ತಲೆಗೂದಲಿಗಿಂತ ತೆಳು. ಆದರೆ ಅದರ ಕಟ್ಟೋಣ ಕೋಟೆಯದು. ಸತ್ತು ಚಪ್ಪಟೆಯಾದ ಜೀವಕೋಶಗಳು ಇಟ್ಟಿಗೆಗಳು. ಅವುಗಳ ನಡುವೆ ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನ ಆಮ್ಲಗಳ ಗಾರೆ. ಹೊರಗಿನದನ್ನು ಹೊರಗೇ ಇಡುವುದು, ಒಳಗಿನ ನೀರನ್ನು ಒಳಗೇ ಹಿಡಿದಿಡುವುದು ಅದರ ಕಸುಬು. 2000ದಲ್ಲಿ ಇಬ್ಬರು ಡಚ್ ಚರ್ಮತಜ್ಞರು, ಬೋಸ್ ಮತ್ತು ಮೈನಾರ್ಡಿ, ಒಂದು ಅಂದಾಜು ಮುಂದಿಟ್ಟರು: 500 ಡಾಲ್ಟನ್‌ಗಿಂತ (ಇದು ಅಣುವಿನ ತೂಕದ ಅಳತೆ) ಭಾರದ ಅಣು ಆರೋಗ್ಯವಂತ ಚರ್ಮದ ಈ ಗೋಡೆಯನ್ನು ದಾಟುವುದು ಬಲು ಕಷ್ಟ. ಅದು ಅಚ್ಚುಕಟ್ಟಾದ ಗಡಿಯಲ್ಲ, ಆದರೆ ಸೌಂದರ್ಯವರ್ಧಕ ತಯಾರಿಸುವವರೆಲ್ಲ ಇಂದಿಗೂ ತಲೆಯಲ್ಲಿಟ್ಟುಕೊಳ್ಳುವ ಅಳತೆಗೋಲು.

ಈ ಅಳತೆಗೋಲಿನಲ್ಲಿ ಕರ್ಕ್ಯುಮಿನ್ ಪಾಸು. ಅದರ ತೂಕ 368. ಅದರ ಕಷ್ಟ ಬೆಳಕಿನದು, ಕರಗುವಿಕೆಯದು. ಇನ್ನೊಂದು ಗಿಡದ ಕಷ್ಟ ಬೇರೆಯೇ. ಆ ಗಿಡ ಮಲೆನಾಡು, ಕರಾವಳಿಯ ಹಿತ್ತಿಲಿನ ಒಂದೆಲಗ.

ಬಾವಿಕಟ್ಟೆಯ ಪಕ್ಕದ ಜೌಗಿನಲ್ಲಿ ಹಬ್ಬುವ, ತುಳುವಿನಲ್ಲಿ ತಿಮರೆ ಎಂದು ಕರೆಯುವ, ತಂಬುಳಿಗೂ ಚಟ್ನಿಗೂ ಒದಗುವ ಈ ಎಲೆ ಇವತ್ತು ‘ಸಿಕಾ’ ಎಂಬ ಹೆಸರಿನಲ್ಲಿ ಕೊರಿಯಾದ ಕ್ರೀಮುಗಳ ಮೇಲೆ ಕುಳಿತು ನಮ್ಮ ಊರಿನ ಅಂಗಡಿಗೇ ಮರಳಿ ಬಂದಿದೆ. ಗಾಯ ಮಾಯುವುದನ್ನು ಸೂಚಿಸುವ ಫ್ರೆಂಚ್ ಪದದ ತುಂಡು ಆ ಹೆಸರು. ಮಡಗಾಸ್ಕರ್ ದ್ವೀಪದಲ್ಲಿ ಬೆಳೆದ ಒಂದೆಲಗದಿಂದ ಏಷಿಯಾಟಿಕೋಸೈಡ್ ಎಂಬ ಅಣುವನ್ನು 1941ರಲ್ಲಿ ಬೇರ್ಪಡಿಸಿದರು. ಮುಂದೆ ಕುಷ್ಠರೋಗಿಗಳ ಹುಣ್ಣಿಗೆ ಅದನ್ನು ಪ್ರಯೋಗಿಸಿ ನೋಡಿದರು, ಫ್ರಾನ್ಸಿನಲ್ಲಿ ಮುಲಾಮು ಬಂತು. ಈ ಏಷಿಯಾಟಿಕೋಸೈಡ್‌ನ ತೂಕ 959 ಡಾಲ್ಟನ್. ಅದರ ಜೊತೆಗಾರ ಮ್ಯಾಡೆಕಾಸೋಸೈಡ್ 975. ಎರಡಕ್ಕೂ ಸಕ್ಕರೆಯ ಬಾಲ ಇರುವುದರಿಂದ ಇಷ್ಟು ಭಾರ; ಆ ಬಾಲ ಕತ್ತರಿಸಿದರೆ ಉಳಿಯುವ ಏಷಿಯಾಟಿಕ್ ಆಮ್ಲ 489ಕ್ಕೆ ಇಳಿಯುತ್ತದೆ. ಗಾಯವಾದ ಚರ್ಮದಲ್ಲಿ ಗೋಡೆಯೇ ಒಡೆದಿರುವುದರಿಂದ ಈ ತೂಕ ಅಷ್ಟು ಅಡ್ಡಿಯಲ್ಲ. ಗಾಯವಿಲ್ಲದ ಕೆನ್ನೆಯ ಮೇಲೆ ಅದೇ ಸಾರ ಹಚ್ಚಿದಾಗ ಕಥೆ ಬದಲಾಗುತ್ತದೆ. ಹಳೆಯ ಮುಲಾಮಿನ ಕೀರ್ತಿಯನ್ನು ಹೊಸ ಸೀರಮ್ಮಿಗೆ ನೇರವಾಗಿ ವರ್ಗಾಯಿಸುವುದು ನ್ಯಾಯವಲ್ಲ ಎಂದು ನಾನು ಹೇಳುವುದು ಇದಕ್ಕೇ.

ಹಸಿರು ಚಹಾದ ಕಷ್ಟ ಮತ್ತೊಂದು. ಹೆಚ್ಚಿಟ್ಟ ಬದನೆಕಾಯಿ ಗಾಳಿಗೆ ಕಪ್ಪಾಗುವ ಹಾಗೆ ಅದರ ಪಾಲಿಫಿನಾಲ್ ಎಂಬ ಅಣುಗಳು ನೀರಿನಲ್ಲಿ ಕಂದು ತಿರುಗುತ್ತವೆ. ಒಂದೊಂದು ಸಸ್ಯಕ್ಕೆ ಒಂದೊಂದು ರೋಗ ಇರುವಾಗ ಎಲ್ಲಕ್ಕೂ ಒಂದೇ ಕಣಕ ಹೊಂದುವುದಿಲ್ಲ.

ಕಣಕಗಳಲ್ಲಿ ಹೆಚ್ಚು ಹೆಸರಾದದ್ದು ಲಿಪೋಸೋಮ್. 1960ರ ದಶಕದಲ್ಲಿ ಕೇಂಬ್ರಿಡ್ಜ್ ಬಳಿಯ ಬಾಬ್ರಹಾಂ ಸಂಸ್ಥೆಯಲ್ಲಿ ಅಲೆಕ್ ಬ್ಯಾಂಗಮ್ ಎಂಬ ವಿಜ್ಞಾನಿ ಲೆಸಿಥಿನ್ ಜಾತಿಯ ಕೊಬ್ಬನ್ನು ನೀರಿನಲ್ಲಿ ಬೆರೆಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅದು ತಾನಾಗಿ ಪುಟ್ಟಪುಟ್ಟ ಗುಳ್ಳೆಗಳಾಗಿ ಸುತ್ತಿಕೊಂಡಿತ್ತು. ಈ ಕೊಬ್ಬಿನ ಅಣುವಿಗೆ ನೀರು ಮೆಚ್ಚುವ ತಲೆ, ನೀರಿಗೆ ಹೆದರುವ ಎರಡು ಬಾಲ. ಬಾಲಗಳು ಪರಸ್ಪರ ಮುಖ ಮಾಡಿ, ತಲೆಗಳು ನೀರಿನ ಕಡೆ ತಿರುಗಿ ಎರಡು ಪದರದ ಗೋಡೆ ಕಟ್ಟುತ್ತವೆ. ನಮ್ಮ ಜೀವಕೋಶದ ಪೊರೆಯೂ ಇದೇ ನಮೂನೆ. ನೀರಿನಲ್ಲಿ ಕರಗುವ ಸಾರ ಗುಳ್ಳೆಯ ಹೊಟ್ಟೆಯೊಳಗೆ, ಎಣ್ಣೆಯಲ್ಲಿ ಕರಗುವ ಸಾರ ಗೋಡೆಯೊಳಗೆ ಕೂರುತ್ತದೆ. ಒಂದೇ ಕಣಕ ಎರಡು ಜಾತಿಯ ಹೂರಣಕ್ಕೆ ಒಗ್ಗುವುದು ಇದರ ಸೊಗಸು. 1986ರಲ್ಲಿ ಡಿಯೋರ್ ಕಂಪನಿ ‘ಕ್ಯಾಪ್ಚರ್’ ಎಂಬ ಹೆಸರಿನಲ್ಲಿ ಲಿಪೋಸೋಮ್ ಇರುವ ಕ್ರೀಮನ್ನು ಮಾರುಕಟ್ಟೆಗೆ ತಂದಿತು. ಹೊಸ ತಂತ್ರ ಎಂದು ಇವತ್ತು ಮಾರುವುದಕ್ಕೆ ಹೀಗೆ ನಾಲ್ಕು ದಶಕದ ವಯಸ್ಸಾಗಿದೆ. ಅದೇ ದಶಕದ ಕೊನೆಯಲ್ಲಿ ಇಟಲಿಯ ಇಂಡೆನಾ ಕಂಪನಿ ಸಸ್ಯದ ಪಾಲಿಫಿನಾಲ್‌ಗಳನ್ನೇ ಲೆಸಿಥಿನ್ ಅಣುವಿಗೆ ಜೋಡಿಸಿ ‘ಫೈಟೋಸೋಮ್’ ಎಂದು ಹೆಸರಿಟ್ಟಿತು. ಅಲ್ಲಿ ಸಾರ ಗುಳ್ಳೆಯೊಳಗೆ ತುಂಬಿಲ್ಲ, ಕೊಬ್ಬಿಗೆ ಕೈ ಹಿಡಿದು ನಿಂತಿದೆ.

ಹಾಗಾದರೆ ಈ ಗುಳ್ಳೆ ಇಡಿಯಾಗಿ ಚರ್ಮದೊಳಗೆ ಈಜಿಕೊಂಡು ಹೋಗುತ್ತದೆಯೇ? ಜಾಹೀರಾತಿನ ಚಿತ್ರಗಳಲ್ಲಿ ಹೊಳೆಯುವ ಚೆಂಡುಗಳು ಪದರ ಪದರ ದಾಟಿ ಇಳಿಯುವುದನ್ನು ನಾವೆಲ್ಲ ನೋಡಿದ್ದೇವೆ. 2016ರಲ್ಲಿ ದಕ್ಷಿಣ ಡೆನ್ಮಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು ತೀರಾ ಸೂಕ್ಷ್ಮವಾದ ದರ್ಶಕದಲ್ಲಿ ಮನುಷ್ಯನ ಚರ್ಮವನ್ನು ಪರೀಕ್ಷಿಸಿ ಪ್ರಕಟಿಸಿದ್ದು ಇದಕ್ಕೆ ವಿರುದ್ಧ: ಲಿಪೋಸೋಮ್‌ಗಳು ಇಡಿಯಾಗಿ ಚರ್ಮದ ಗೋಡೆ ದಾಟುವುದಿಲ್ಲ. ಅವು ಮೇಲ್ಭಾಗದಲ್ಲೇ ಒಡೆಯುತ್ತವೆ. ಒಡೆದ ಕೊಬ್ಬು ಚರ್ಮದ ಗಾರೆಯೊಂದಿಗೆ ಬೆರೆಯಬಹುದು, ಅದನ್ನು ಸ್ವಲ್ಪ ಸಡಿಲಿಸಬಹುದು, ಒಳಗಿದ್ದ ಸಾರಕ್ಕೆ ಮೇಲಿನ ಪದರದಲ್ಲಿ ಹೆಚ್ಚು ಹೊತ್ತು ಇರಲು ಅನುವಾಗಬಹುದು. ಇದೂ ಬೆಲೆಯುಳ್ಳ ಕೆಲಸವೇ. ಆದರೆ ಹೋಳಿಗೆ ಇಡಿಯಾಗಿ ಒಳಗೆ ಹೋಯಿತು ಎನ್ನುವ ಚಿತ್ರ ಸುಳ್ಳು. ಗೋಡೆಯನ್ನು ಬಳುಕುವಂತೆ ಮಾಡಿದ ಟ್ರಾನ್ಸ್‌ಫರ್ಸೋಮ್, ಮದ್ಯಸಾರ ಬೆರೆಸಿದ ಎಥೋಸೋಮ್ ಮುಂತಾದ ತಳಿಗಳು ಮುಂದೆ ಬಂದವು. ಅವು ಔಷಧ ಸಂಶೋಧನೆಯಲ್ಲಿ ಹೆಚ್ಚು ಪಳಗಿವೆ. ದಿನನಿತ್ಯದ ಕ್ರೀಮಿನಲ್ಲಿ ಅಷ್ಟೊಂದು ಮದ್ಯಸಾರವನ್ನು ಒಣ ಚರ್ಮದವರು ತಾಳಿಕೊಳ್ಳುವುದು ಕಷ್ಟ.

ಆಳಕ್ಕೆ ಇಳಿಯುವ ಮಾತಿನಲ್ಲಿ ನನಗೆ ಹೆಚ್ಚು ಹಿಡಿಸಿದ ಸಂಶೋಧನೆ ಬರ್ಲಿನ್‌ನ ಶಾರಿಟೆ ಆಸ್ಪತ್ರೆಯದು. ಅಲ್ಲಿ ಲಾಡೆಮನ್ ಮತ್ತು ಸಂಗಡಿಗರು ಹಂದಿಯ ಚರ್ಮದ ಮೇಲೆ ಸುಮಾರು 320 ನ್ಯಾನೋಮೀಟರ್ ಗಾತ್ರದ ಬಣ್ಣ ತುಂಬಿದ ಕಣಗಳನ್ನು ಹಚ್ಚಿ, ಮಸಾಜು ಮಾಡಿ ನೋಡಿದರು. ಕಣಗಳು ಜೀವಕೋಶಗಳ ನಡುವೆ ನುಗ್ಗಲಿಲ್ಲ. ಕೂದಲ ಬುಡದ ಕುಳಿಯೊಳಗೆ ಇಳಿದವು. ಮನುಷ್ಯರ ಚರ್ಮದ ಮೇಲೆ ಹಚ್ಚಿ ನೋಡಿದಾಗ ಹತ್ತು ದಿನದವರೆಗೂ ಅಲ್ಲೇ ಉಳಿದವು. ಕಣವಿಲ್ಲದೆ ಹಚ್ಚಿದ ಬಣ್ಣ ನಾಲ್ಕು ದಿನಕ್ಕೆ ಮುಗಿಯಿತು. ಕೈಯಿಂದ ತಿಕ್ಕಿದಾಗ ಕೂದಲು ಹಿಂದೆ ಮುಂದೆ ಅಲುಗಿ ಕಣಗಳನ್ನು ಪಂಪಿನಂತೆ ಒಳಕ್ಕೆ ತಳ್ಳುತ್ತದೆ ಎಂಬುದು ಅವರ ವಿವರಣೆ. ದೀಪಾವಳಿಯ ಎಣ್ಣೆಸ್ನಾನಕ್ಕೆ ಮುಂಚೆ ಚೆನ್ನಾಗಿ ತಿಕ್ಕಿಸಿಕೊಂಡ ಮೈ ಇದನ್ನು ಒಪ್ಪೀತು. ಅಂದರೆ ಇದ್ದ ಬಾಗಿಲು ಗೋಡೆಯಲ್ಲಿಲ್ಲ, ಕೂದಲ ಬುಡದಲ್ಲಿದೆ. ಆ ಬಾಗಿಲಿಗೂ ಕಣದ ಗಾತ್ರ ತೀರಾ ಚಿಕ್ಕದಾಗಿರಬೇಕಿಲ್ಲ. ‘ಎಷ್ಟು ಚಿಕ್ಕದೋ ಅಷ್ಟು ಒಳ್ಳೆಯದು’ ಎಂಬ ನ್ಯಾನೋ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ.

ಎರಡನೆಯ ಮುಖ್ಯ ಕಣಕ ಗಟ್ಟಿ ಕೊಬ್ಬಿನದು. ಇದು ನಮ್ಮ ಹವೆಗೂ ನಮ್ಮ ಕಾಡಿಗೂ ನೇರ ಸಂಬಂಧ ಇರುವ ವಿಷಯವಾದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. 1990ರ ದಶಕದ ಆರಂಭದಲ್ಲಿ ಯುರೋಪಿನ ಪ್ರಯೋಗಾಲಯಗಳಲ್ಲಿ ರೂಪುಗೊಂಡ ಈ ವಿಧಾನದಲ್ಲಿ ಕೊಬ್ಬನ್ನು ಕರಗಿಸಿ, ಅದರಲ್ಲಿ ಸಾರ ಬೆರೆಸಿ, ಬಿಸಿನೀರಿನಲ್ಲಿ ಭಾರೀ ಒತ್ತಡದಿಂದ ಚಿಕ್ಕ ಹನಿಗಳಾಗಿ ಒಡೆದು, ಆಮೇಲೆ ತಣಿಸುತ್ತಾರೆ. ಪ್ರತಿ ಹನಿಯೂ ಗಟ್ಟಿಯಾಗಿ ಒಳಗೆ ಸಾರ ಸೆರೆಯಾಗುತ್ತದೆ. ಚರ್ಮದ ಮೇಲೆ ಹರಡಿದಾಗ ಈ ಕಣಗಳು ತೆಳು ಪರೆ ಕಟ್ಟಿ ನೀರು ಆರದಂತೆ ತಡೆಯುತ್ತವೆ, ಚರ್ಮ ಮೆದುವಾಗುತ್ತದೆ. ಈ ಲಾಭ ಅಳೆದು ತೋರಿಸಬಹುದಾದದ್ದು.

ತೊಡಕು ಬರುವುದು ಕಾಲ ಕಳೆದಂತೆ. ತುಪ್ಪ ನಿಧಾನವಾಗಿ ಆರಿದಾಗ ಹರಳುಗಟ್ಟುವುದನ್ನು ನೀವು ಕಂಡಿದ್ದೀರಿ. ಕೊಬ್ಬಿನ ಅಣುಗಳಿಗೆ ಒತ್ತೊತ್ತಾಗಿ ಸಾಲು ಹಿಡಿದು ನಿಲ್ಲುವ ಆಸೆ. ಸಾಲು ಬಿಗಿಯಾದಷ್ಟೂ ನಡುವೆ ಕೂತಿದ್ದ ಅತಿಥಿಗೆ ಜಾಗ ಇಲ್ಲವಾಗುತ್ತದೆ. ಕರ್ಕ್ಯುಮಿನ್ ಮೆಲ್ಲಗೆ ಹೊರಕ್ಕೆ ನೂಕಲ್ಪಡುತ್ತದೆ. ಹೂರಣವನ್ನು ಕಣಕವೇ ಉಗುಳಿದ ಹಾಗೆ. ಇದಕ್ಕೆ ಕಂಡುಕೊಂಡ ಉಪಾಯ ಸರಳ: ಗಟ್ಟಿ ಕೊಬ್ಬಿಗೆ ಒಂದಿಷ್ಟು ದ್ರವ ಎಣ್ಣೆ ಬೆರೆಸಿ ಸಾಲು ಕೆಡಿಸುವುದು. ಅಡ್ಡಾದಿಡ್ಡಿ ನಿಂತ ಅಣುಗಳ ನಡುವೆ ಸಾರಕ್ಕೆ ಬಿಡಾರ ಸಿಗುತ್ತದೆ. ಈ ಎರಡನೆಯ ತಲೆಮಾರಿನ ಕಣಗಳಿಂದ ಮಾಡಿದ ಕ್ರೀಮು 2005ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂತು.

ಉತ್ತರ ಕನ್ನಡದವರಿಗೆ ಮುರುಗಲ ತುಪ್ಪ ಹೊಸದಲ್ಲ. ಪುನರ್ಪುಳಿ, ಕೋಕಂ ಎಂದೂ ಕರೆಯುವ ಹಣ್ಣಿನ ಬೀಜವನ್ನು ಒಣಗಿಸಿ, ಜಜ್ಜಿ, ನೀರಿನಲ್ಲಿ ಕುದಿಸಿ, ಮೇಲೆ ತೇಲುವ ಕೊಬ್ಬನ್ನು ತೆಗೆದು ಉಂಡೆ ಕಟ್ಟಿ ಇಡುತ್ತಾರೆ. ಒಡೆದ ಹಿಮ್ಮಡಿಗೆ, ಚಳಿಗಾಲದ ತುಟಿಗೆ ಅದೇ ಮದ್ದು. ಹೊರಗಿನ ತಾಪದಲ್ಲಿ ಗಟ್ಟಿಯಾಗಿದ್ದು ಸುಮಾರು 40 ಡಿಗ್ರಿಯ ಆಸುಪಾಸಿನಲ್ಲಿ ಕರಗುವ ಈ ಕೊಬ್ಬು ಗಟ್ಟಿ ಕಣಕಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ಇಲ್ಲೇ ಒಂದು ಎಚ್ಚರವೂ ಬೇಕು. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ಹೊರಗಿನ ಬಿಸಿಯೇ 40 ಡಿಗ್ರಿ ದಾಟುತ್ತದೆ, ಮುಚ್ಚಿದ ಲಾರಿಯೊಳಗೆ ಇನ್ನೂ ಹೆಚ್ಚು. ಪ್ಯಾರಿಸ್ಸಿನ ಕಪಾಟಿನಲ್ಲಿ ಗಟ್ಟಿಯಾಗಿ ಉಳಿಯುವ ಕಣ ನಮ್ಮ ಗೋದಾಮಿನಲ್ಲಿ ಕರಗಿ, ರಾತ್ರಿ ಮತ್ತೆ ಗಟ್ಟಿಯಾಗಿ, ಈ ಕರಗು–ಹೆಪ್ಪಿನ ಆಟದಲ್ಲಿ ಹೂರಣವನ್ನು ಕಳೆದುಕೊಳ್ಳಬಹುದು. ಸೌಂದರ್ಯವರ್ಧಕಗಳನ್ನು ಸಾಮಾನ್ಯವಾಗಿ 40 ಡಿಗ್ರಿ ಶಾಖದಲ್ಲಿ ಕೆಲವು ತಿಂಗಳಿಟ್ಟು ಬಾಳಿಕೆ ನೋಡುತ್ತಾರೆ. ಈ ಕಣಗಳ ವಿಷಯದಲ್ಲಿ ಅಷ್ಟು ಸಾಲದು. ಕ್ರೀಮು ಒಡೆಯಲಿಲ್ಲ, ವಾಸನೆ ಬರಲಿಲ್ಲ ಎಂಬುದರ ಜೊತೆಗೆ ಸಾರ ಕಣದೊಳಗೇ ಉಳಿದಿದೆಯೇ ಎಂದೂ ಅಳೆಯಬೇಕು. ಭಾರತದಲ್ಲಿ ಮಾರುವ ಕಂಪನಿಗಳಿಂದ ನಾವು ಕೇಳಬೇಕಾದ ಮೊದಲ ದಾಖಲೆ ಇದು ಎಂದು ನನಗನ್ನಿಸುತ್ತದೆ.

ಉಳಿದ ಕಣಕಗಳನ್ನು ಬೇಗ ನೋಡಿ ಮುಗಿಸೋಣ. ಪಿಷ್ಟದಿಂದ ಮಾಡುವ ಸೈಕ್ಲೋಡೆಕ್ಸ್ಟ್ರಿನ್ ಆರು, ಏಳು ಅಥವಾ ಎಂಟು ಗ್ಲೂಕೋಸ್ ಅಣುಗಳ ಬಳೆ. ಬಳೆಯ ಒಳಗೆ ನೀರಿಗೆ ಹೆದರುವ ಸಾರ ಕೂರುತ್ತದೆ, ಹೊರಮೈ ನೀರಿನಲ್ಲಿ ಕರಗುತ್ತದೆ. ಕಟುವಾದ ವಾಸನೆ ಅಡಗಿಸಲು ಇದು ಚೆನ್ನ. ಗೋಂದಿನ ದ್ರಾವಣದಲ್ಲಿ ಎಣ್ಣೆ ಕಲಸಿ ಬಿಸಿಗಾಳಿಗೆ ಸಿಂಪಡಿಸಿ ಪುಡಿ ಮಾಡುವ ಸ್ಪ್ರೇ ಡ್ರೈಯಿಂಗ್ ಅಗ್ಗದ್ದು. ಮಸಾಲೆಯ ಘಮವನ್ನು ಹೀಗೆ ಹಿಡಿದಿಡುವ ವಿದ್ಯೆಯಲ್ಲಿ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ದಶಕಗಳಿಂದ ಕೆಲಸ ಮಾಡಿದೆ, ಆಹಾರಕ್ಕೆ ಕಲಿತದ್ದು ಕ್ರೀಮಿಗೂ ಒದಗುತ್ತದೆ. ಕಡಲಪಾಚಿಯ ಆಲ್ಜಿನೇಟ್‌ನಿಂದ ಕಣ್ಣಿಗೆ ಕಾಣುವ ಮಣಿಗಳಾಗುತ್ತವೆ. ಜೆಲಟಿನ್ ಪ್ರಾಣಿಗಳ ಚರ್ಮ, ಮೂಳೆಯಿಂದ, ಕೈಟೋಸಾನ್ ಹೆಚ್ಚಾಗಿ ಸಿಗಡಿ, ಏಡಿಯ ಚಿಪ್ಪಿನಿಂದ ಬರುವುದರಿಂದ ಸಸ್ಯಾಹಾರದ ನೇಮ ಇರುವವರು ‘ಸಸ್ಯಸಾರ’ ಎಂಬ ಹೆಸರಿನ ಮೇಲಷ್ಟೇ ನಂಬಿಕೆ ಇಡಬಾರದು. ಸುತ್ತುವ ಗೋಜೇ ಬೇಡವೆಂದು ಅಣುವನ್ನೇ ತಿದ್ದುವ ದಾರಿಯೂ ಇದೆ. ಕರ್ಕ್ಯುಮಿನ್‌ಗೆ ಹೈಡ್ರೋಜನ್ ಸೇರಿಸಿದರೆ ಹಳದಿ ಹೋಗಿ ಬಿಳಿಚಾದ ಟೆಟ್ರಾಹೈಡ್ರೋಕರ್ಕ್ಯುಮಿನ್ ಆಗುತ್ತದೆ. ಕಲೆಯ ತಾಪತ್ರಯವಿಲ್ಲ, ಬಾಳಿಕೆಯೂ ಹೆಚ್ಚು.

ಒಳ್ಳೆಯ ಕಣಕ ಕಟ್ಟಿದರೂ ಅದನ್ನು ಯಾವುದರೊಳಗೆ ಹಾಕುತ್ತೇವೆ ಎಂಬುದು ಇನ್ನೊಂದು ಪ್ರಶ್ನೆ. ಲಿಪೋಸೋಮ್ ಗೋಡೆ ಕೊಬ್ಬಿನದು. ನೊರೆ ಬರಿಸುವ, ಎಣ್ಣೆ–ನೀರು ಬೆರೆಸುವ ವಸ್ತುಗಳ ಕೆಲಸವೇ ಕೊಬ್ಬನ್ನು ಒಡೆಯುವುದು. ನೊರೆಯ ಫೇಸ್‌ವಾಶಿನಲ್ಲಿ ಲಿಪೋಸೋಮ್ ಹಾಕಿದರೆ ಕಾವಲಿಗೆ ಬೀಳುವ ಮೊದಲೇ ಹೋಳಿಗೆ ಒಡೆದಂತೆ. ಉಳಿದರೂ ಅರೆ ನಿಮಿಷದಲ್ಲಿ ತೊಳೆದು ಹೋಗುತ್ತದೆ. ತೊಳೆದು ಬಿಡುವ ವಸ್ತುವಿನಲ್ಲಿ ‘ಲಿಪೋಸೋಮಲ್’ ಎಂಬ ಪದಕ್ಕೆ ಹೆಚ್ಚು ಬೆಲೆ ತೆರಬೇಡಿ ಎಂದು ನನ್ನ ಆಪ್ತರಿಗೆ ನಾನು ಧೈರ್ಯವಾಗಿ ಹೇಳುತ್ತೇನೆ.

ಈಗ ಲೆಕ್ಕ. ಒಂದು ಸೀರಮ್ಮಿನಲ್ಲಿ ನೂರಕ್ಕೆ ಎರಡು ಪಾಲು ಲಿಪೋಸೋಮ್ ದ್ರಾವಣ ಹಾಕಿದ್ದಾರೆ ಎನ್ನೋಣ. ಆ ದ್ರಾವಣದಲ್ಲಿ ಸಾರದ ಪಾಲು ನೂರಕ್ಕೆ ಒಂದು ಎಂದುಕೊಳ್ಳಿ. ಮೂವತ್ತು ಗ್ರಾಮಿನ ಇಡೀ ಬಾಟಲಿಯಲ್ಲಿ ಒಂದೆಲಗದ ಸಾರ ಆರು ಮಿಲಿಗ್ರಾಂ ಆಯಿತು. ಈ ಆರು ಮಿಲಿಗ್ರಾಂ ಕೂಡ ಸಾರದ ತೂಕ, ಏಷಿಯಾಟಿಕೋಸೈಡ್‌ನ ತೂಕವಲ್ಲ. ‘ಸಾರ’ ಎಂಬ ಪದವೇ ಬಲು ಸಡಿಲ. ಔಷಧಕ್ಕೆ ಬಳಸುವ ಒಂದೆಲಗದ ಸಾರದಲ್ಲಿ ಏಷಿಯಾಟಿಕೋಸೈಡ್ ನೂರಕ್ಕೆ ಸುಮಾರು 40, ಏಷಿಯಾಟಿಕ್ ಆಮ್ಲ ಮತ್ತು ಮ್ಯಾಡೆಕಾಸಿಕ್ ಆಮ್ಲ ತಲಾ ಸುಮಾರು 30 ಎಂದು ಅಳೆದು ಕೂಡಿಸಿರುತ್ತಾರೆ. ಗ್ಲಿಸರಿನ್–ನೀರಿನಲ್ಲಿ ಎಲೆ ನೆನೆಸಿ ಸೋಸಿದ್ದಕ್ಕೂ ಸಾರ ಎಂಬುದೇ ಹೆಸರು. ಇನ್ನು ಒಂದೆಲಗವನ್ನೂ ನೀರುಬ್ರಾಹ್ಮಿಯನ್ನೂ ‘ಬ್ರಾಹ್ಮಿ’ ಎಂದೇ ಕರೆಯುವ ನಮ್ಮ ನಾಡಿನಲ್ಲಿ ಯಾವ ಗಿಡ ಎಂಬುದೂ ಖಚಿತವಾಗಬೇಕು. ಹೂರಣವೇ ತೆಳುವಾದರೆ ಕಣಕ ಏನು ಮಾಡೀತು?

ಭಾರತದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ನೂರಕ್ಕೆ ಒಂದಕ್ಕಿಂತ ಹೆಚ್ಚಿರುವ ಘಟಕಗಳನ್ನು ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಒಂದು ಮತ್ತು ಅದಕ್ಕಿಂತ ಕಡಿಮೆ ಇರುವುದನ್ನು ಆಮೇಲೆ ಯಾವ ಕ್ರಮದಲ್ಲಾದರೂ ಬರೆಯಬಹುದು. ಎಷ್ಟು ಶೇಕಡ ಎಂದು ಹೇಳುವ ಕಡ್ಡಾಯವಿಲ್ಲ. ಹೀಗಿದ್ದರೂ ಪಟ್ಟಿಯಿಂದ ಸ್ವಲ್ಪ ಸುಳಿವು ಸಿಗುತ್ತದೆ. ಲಿಪೋಸೋಮ್ ಎಂದು ಹೇಳಿದ ಬಾಟಲಿಯ ಪಟ್ಟಿಯಲ್ಲಿ ಲೆಸಿಥಿನ್, ಹೈಡ್ರೋಜನೇಟೆಡ್ ಲೆಸಿಥಿನ್, ಫಾಸ್ಫಟಿಡಿಲ್‌ಕೋಲಿನ್, ಇವುಗಳಲ್ಲಿ ಒಂದಾದರೂ ಇರಬೇಕು. ಕಣಕದ ಹಿಟ್ಟೇ ಕಾಣದಿದ್ದರೆ ಹೋಳಿಗೆ ಎಲ್ಲಿಂದ ಬಂತು ಎಂದು ಕೇಳುವ ಹಕ್ಕು ನಿಮಗಿದೆ. ಯುರೋಪಿನಲ್ಲಿ ಇದಕ್ಕಿಂತ ಒಂದು ಹೆಜ್ಜೆ ಮುಂದಿದ್ದಾರೆ: ಕರಗದೆ ಉಳಿಯುವ ನ್ಯಾನೋ ಕಣಗಳಿದ್ದರೆ ಘಟಕದ ಹೆಸರಿನ ಪಕ್ಕ ‘ನ್ಯಾನೋ’ ಎಂದು ಬರೆಯಲೇಬೇಕು. ಚರ್ಮದ ಮೇಲೆ ಒಡೆದು ಕರಗುವ ಲಿಪೋಸೋಮ್ ಆ ನಿಯಮಕ್ಕೆ ಒಳಪಡುವುದಿಲ್ಲ.

ಇಲ್ಲಿ ಕಾನೂನಿನ ಇನ್ನೊಂದು ಸೂಕ್ಷ್ಮವಿದೆ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ ಪ್ರಕಾರ ಸೌಂದರ್ಯವರ್ಧಕದ ಕೆಲಸ ಶುಚಿ ಮಾಡುವುದು, ಚೆಂದ ಕಾಣಿಸುವುದು, ಹೊರನೋಟ ಬದಲಿಸುವುದು. ದೇಹದ ಒಳಗಿನ ಕ್ರಿಯೆಯನ್ನೇ ಬದಲಿಸಿ ಕಾಯಿಲೆ ಗುಣಪಡಿಸುವುದಾದರೆ ಅದು ಔಷಧದ ಸಾಲಿಗೆ ಸೇರುತ್ತದೆ, ಔಷಧಕ್ಕೆ ಬೇಕಾದ ಪರೀಕ್ಷೆ ಬೇಕಾಗುತ್ತದೆ. ‘ಆಳಕ್ಕಿಳಿದು ಚರ್ಮವನ್ನು ಒಳಗಿನಿಂದ ಸರಿಪಡಿಸುತ್ತದೆ’ ಎನ್ನುವ ಕ್ರೀಮು ತನ್ನ ಮಾತಿನಂತೆ ನಡೆದರೆ ಅದನ್ನು ಕ್ರೀಮಿನ ಪರವಾನಗಿಯಲ್ಲಿ ಮಾರುವಂತಿಲ್ಲ, ನಡೆಯದಿದ್ದರೆ ಹಾಗೆ ಹೇಳುವಂತಿಲ್ಲ.

ಒಳಗಿಳಿಯುವುದು ಯಾವಾಗಲೂ ಒಳ್ಳೆಯದೂ ಅಲ್ಲ. ಬಾವಂಚಿ ಬೀಜವನ್ನೇ ನೋಡಿ. ಅದರಲ್ಲಿರುವ ಬಾಕುಚಿಯಾಲ್ ಈಗ ಸುಕ್ಕಿಗೆ ಹಚ್ಚುವ ರೆಟಿನಾಲ್‌ಗೆ ಪರ್ಯಾಯ ಎಂದು ಹೆಸರು ಮಾಡಿದೆ. 2019ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಡರ್ಮಟಾಲಜಿಯಲ್ಲಿ ಬಂದ ಪರೀಕ್ಷೆಯಲ್ಲಿ 44 ಮಂದಿ 12 ವಾರ ಅರ್ಧ ಶೇಕಡ ಬಾಕುಚಿಯಾಲ್ ಅಥವಾ ಅರ್ಧ ಶೇಕಡ ರೆಟಿನಾಲ್ ಹಚ್ಚಿಕೊಂಡರು. ಸುಕ್ಕು ಮತ್ತು ಕಪ್ಪುಕಲೆ ಎರಡರಲ್ಲೂ ಒಂದೇ ತೆರನಾಗಿ ಕಡಿಮೆಯಾದವು, ಉರಿ ಮತ್ತು ಸಿಪ್ಪೆ ಏಳುವುದು ರೆಟಿನಾಲ್‌ನಲ್ಲಿ ಹೆಚ್ಚಾಯಿತು. ಚಿಕ್ಕ ಪರೀಕ್ಷೆಯಾದರೂ ಪ್ರಮಾಣ ಹೇಳಿ ಮಾಡಿದ್ದು ಎಂಬುದಕ್ಕೆ ನನ್ನ ಮೆಚ್ಚುಗೆ ಇದೆ. ಆದರೆ ಅದೇ ಬೀಜದಲ್ಲಿ ಸೋರಲೆನ್ ಎಂಬ ಅಣುವೂ ಇದೆ. ಅದು ಬಿಸಿಲಿನೊಂದಿಗೆ ಸೇರಿ ಚರ್ಮವನ್ನು ಕೆಂಪಾಗಿಸುತ್ತದೆ, ಸುಡುತ್ತದೆ. ತೊನ್ನಿಗೆ ಬಾವಂಚಿ ಹಚ್ಚಿ ಬಿಸಿಲಿಗೆ ಕೂರಿಸುತ್ತಿದ್ದ ಹಳೆಯ ಚಿಕಿತ್ಸೆಯ ಗುಟ್ಟು ಇದೇ. ಶುದ್ಧ ಮಾಡದ ಬಾವಂಚಿ ಸಾರವನ್ನು ಒಳ್ಳೆಯ ಕಣಕದಲ್ಲಿ ಸುತ್ತಿದರೆ ಬಾಕುಚಿಯಾಲ್ ಜೊತೆ ಸೋರಲೆನ್ನೂ ಚೆನ್ನಾಗಿ ತಲುಪುತ್ತದೆ. ಕಣಕಕ್ಕೆ ಒಳ್ಳೆಯದು, ಕೆಟ್ಟದ್ದು ಎಂಬ ಭೇದವಿಲ್ಲ.

ಕಣಕವೇ ಕಸವಾಗುವ ವಿಷಯವನ್ನು ಯುರೋಪು ಗಂಭೀರವಾಗಿ ಹಿಡಿದಿದೆ. ಪರಿಮಳ ಹಿಡಿದಿಡುವ ಅನೇಕ ಕಣಗಳ ಗೋಡೆ ಮೆಲಮೈನ್‌ನಂಥ ಕೃತಕ ಪಾಲಿಮರಿನದು. ಅದು ಮೋರಿ ಸೇರಿ, ಹೊಳೆ ಸೇರಿ ಕೊಳೆಯದೆ ಉಳಿಯುತ್ತದೆ. 2023ರ ಅಕ್ಟೋಬರ್ 17ರಿಂದ ಜಾರಿಯಾದ ಮೈಕ್ರೋಪ್ಲಾಸ್ಟಿಕ್ ನಿರ್ಬಂಧದಂತೆ ತೊಳೆದುಬಿಡುವ ಸೌಂದರ್ಯವರ್ಧಕಗಳಿಗೆ 2027ರವರೆಗೆ, ಹಚ್ಚಿ ಬಿಡುವ ಕ್ರೀಮುಗಳಿಗೂ ಪರಿಮಳದ ಕಣಗಳಿಗೂ 2029ರವರೆಗೆ, ತುಟಿ, ಉಗುರು ಮತ್ತು ಮೇಕಪ್ ವಸ್ತುಗಳಿಗೆ 2035ರವರೆಗೆ ಗಡುವು. ರಾಸಾಯನಿಕವಾಗಿ ಬದಲಿಸದ ನೈಸರ್ಗಿಕ ಪಾಲಿಮರು, ಕೊಳೆತು ಹೋಗುವುದೆಂದು ಪರೀಕ್ಷೆಯಲ್ಲಿ ತೋರಿಸಿದ ಪಾಲಿಮರುಗಳಿಗೆ ವಿನಾಯಿತಿ. ಗೋಂದು, ಆಲ್ಜಿನೇಟ್, ಅರಗು, ಸಸ್ಯದ ಕೊಬ್ಬುಗಳತ್ತ ಕಂಪನಿಗಳು ಹೀಗೆ ತಿರುಗಬೇಕಾಗಿದೆ. ಇದು ನಮ್ಮವರಿಗೆ ಬಾಗಿಲು ತೆರೆದ ಗಳಿಗೆ.

ಆ ಬಾಗಿಲಲ್ಲಿ ಯಾರು ನಿಂತಿದ್ದಾರೆ ಎಂಬುದೇ ನನ್ನನ್ನು ಕಾಡುವುದು. ಗಾಯಕ್ಕೆ ಅರಿಶಿನ ಎಂಬುದರ ಮೇಲೆ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ 1995ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತ್ತು. ಭಾರತದ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಹಳೆಯ ಗ್ರಂಥಗಳನ್ನೂ ಪ್ರಕಟವಾದ ಲೇಖನಗಳನ್ನೂ ಮುಂದಿಟ್ಟು ವಾದಿಸಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಆ ಗೆಲುವನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ, ನೆನೆಯಬೇಕು. ಆದರೆ ಅಂದು ನಾವು ಉಳಿಸಿಕೊಂಡದ್ದು ಹೂರಣ. ಇವತ್ತಿನ ಪೇಟೆಂಟುಗಳು ಕಣಕದ ಮೇಲೆ. ಕರ್ಕ್ಯುಮಿನ್ ಸುತ್ತುವ ಹೊಸ ಬಗೆ ನಿಜವಾಗಿಯೂ ಹೊಸದಾದ್ದರಿಂದ ಅದಕ್ಕೆ ಪೇಟೆಂಟ್ ಕೊಡುವುದರಲ್ಲಿ ಅನ್ಯಾಯವಿಲ್ಲ. ಹಳೆಯ ಗ್ರಂಥ ತೋರಿಸಿ ಅದನ್ನು ತಡೆಯಲಾಗದು. ಕಣಕವನ್ನು ನಾವೇ ಕಟ್ಟಬೇಕು, ಬೇರೆ ದಾರಿಯಿಲ್ಲ.

ಎಲೆ, ಬೀಜ ಆರಿಸುವವರ ಪಾಲಿನ ಮಾತೂ ಇದೆ. 2002ರ ಜೀವವೈವಿಧ್ಯ ಕಾಯ್ದೆ ಸ್ಥಳೀಯರಿಗೆ ಲಾಭದಲ್ಲಿ ಪಾಲು ಸಿಗಬೇಕು ಎನ್ನುತ್ತದೆ. ಭಾರತೀಯ ಕಂಪನಿಗಳೂ ಆ ಪಾಲು ಕೊಡಬೇಕೆಂದು ಉತ್ತರಾಖಂಡ ಹೈಕೋರ್ಟ್ 2018ರ ಡಿಸೆಂಬರಿನಲ್ಲಿ ದಿವ್ಯ ಫಾರ್ಮಸಿ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. 2023ರ ತಿದ್ದುಪಡಿ ಗ್ರಂಥಗಳಲ್ಲಿ ದಾಖಲಾದ ಸಾಂಪ್ರದಾಯಿಕ ಜ್ಞಾನಕ್ಕೂ ಕೃಷಿ ಮಾಡಿದ ಔಷಧೀಯ ಸಸ್ಯಗಳಿಗೂ ವಿನಾಯಿತಿ ಕೊಟ್ಟಿತು. ಬೆಳೆಗಾರನಿಗೆ ಕಿರಿಕಿರಿ ತಪ್ಪಿತು ಎಂಬುದು ಒಂದು ಕಡೆ. ಅರಿಶಿನ ಗ್ರಂಥದಲ್ಲಿದೆ, ಹೊಲದಲ್ಲೂ ಬೆಳೆಯುತ್ತದೆ, ಹಾಗಾಗಿ ಪಾಲು ಕೊಡಬೇಕಾದ ಪಟ್ಟಿಯಿಂದ ಅಂಥವು ಜಾರಿಕೊಳ್ಳುತ್ತವೆ ಎಂಬುದು ಇನ್ನೊಂದು ಕಡೆ. ಮುರುಗಲು ಮಾತ್ರ ಇಂದಿಗೂ ಬಹುಪಾಲು ಕಾಡಿನಿಂದ, ಬೆಟ್ಟದಿಂದ, ಹಿತ್ತಿಲ ಅಂಚಿನಿಂದ ಬರುವಂಥದ್ದು. ಹಣ್ಣಿನ ಸಿಪ್ಪೆ ಸಾರಿಗೂ ಶರಬತ್ತಿಗೂ ಹೋದ ಮೇಲೆ ಉಳಿಯುವ ಬೀಜವನ್ನು ಮಳೆ ಹಿಡಿಯುವ ಮುನ್ನ ಒಣಗಿಸುವುದೇ ದೊಡ್ಡ ಹೋರಾಟ. ಹಣ್ಣು ಬಿಡುವ ಹೊತ್ತಿಗೇ ಮುಂಗಾರು ಬಾಗಿಲಿಗೆ ಬಂದಿರುತ್ತದೆ, ಒದ್ದೆಯಾದ ಬೀಜ ಬೂಸಲು ಹಿಡಿಯುತ್ತದೆ. ಬೂಸಲು ಹಿಡಿದ ಬೀಜದ ಕೊಬ್ಬಿನಲ್ಲಿ ಆಮ್ಲ ಏರಿ, ಅದು ನ್ಯಾನೋ ಕಣಕ್ಕಿರಲಿ, ಸಾಧಾರಣ ಸೋಪಿಗೂ ಎರಡನೆಯ ದರ್ಜೆಯಾಗುತ್ತದೆ. ಹಾಗಾಗಿ ಶಿರಸಿ, ಕುಮಟಾ, ಸಿದ್ದಾಪುರದ ಕಡೆ ಈ ಉದ್ಯಮಕ್ಕೆ ಮೊದಲು ಬೇಕಾಗಿರುವುದು ಭಾರೀ ಒತ್ತಡದ ಯಂತ್ರವಲ್ಲ. ಮೇ ಕೊನೆಯ ಎರಡು ವಾರ ಬೀಜವನ್ನು ಬೆಚ್ಚಗೆ, ಗಾಳಿಯಾಡುವಂತೆ ಹರವಲು ಒಂದು ಒಣಗಿಸುವ ಮನೆ.